ಹಾಡಿನ ಹಿಂದಿನ ಹೆಸರುಗಳು

ಜನಪ್ರಿಯವಾದ ಹಾಡೊಂದಕ್ಕೆ ಲೋಕವು ಸಾಮಾನ್ಯವಾಗಿ ಎರಡೇ ಹೆಸರುಗಳನ್ನು ಅಂಟಿಸುತ್ತದೆ. ಒಂದು, ತೆರೆಯ ಮೇಲೆ ತುಟಿಯಾಡಿಸಿದ ನಟನದು. ಇನ್ನೊಂದು, ಮರೆಯಲ್ಲಿ ನಿಂತು ಹಾಡಿದ ಗಾಯಕನದು. ಆ ಹಾಡಿಗೆ ಮಾತು ಕೊಟ್ಟವನೂ ಮಟ್ಟು ಕಟ್ಟಿದವನೂ ಯಾರೆಂದು ಕೇಳುವವರು ವಿರಳ. ಹರಿಹರ ತಾಲ್ಲೂಕಿನ ಭಾನುವಳ್ಳಿಯಂತಹ ಊರಿನಲ್ಲಾಗಲಿ, ರಾಜಧಾನಿಯಲ್ಲಾಗಲಿ, ಈ ಮರೆವು ಒಂದೇ ಬಗೆಯದು.

ಈ ಭಾಗದವರಿಗೆ ಹತ್ತಿರದ ಉದಾಹರಣೆಯನ್ನೇ ನೋಡಬಹುದು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಕಂಡದ್ದು 1972ರಲ್ಲಿ. ದಾವಣಗೆರೆ, ಹರಿಹರಗಳು ಆಗ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದವು. ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಹೀಗಾಗಿ ದುರ್ಗದ ಕೋಟೆಯ ಆ ಚಿತ್ರ ಇಲ್ಲಿನವರಿಗೆ ತಮ್ಮದೇ ಜಿಲ್ಲೆಯ ಕಥೆ. ಅದರಲ್ಲಿನ ಒನಕೆ ಓಬವ್ವನ ಹಾಡನ್ನು ಕೇಳಿಯೇ ಆ ವೀರವನಿತೆಯನ್ನು ಅರಿತವರು ಎಷ್ಟೋ ಮಂದಿ. ಹಾಡಿದವರು ಪಿ. ಬಿ. ಶ್ರೀನಿವಾಸ್ ಎಂಬುದನ್ನು ಬಲ್ಲವರುಂಟು. ಬರೆದವರು ಚಿ. ಉದಯಶಂಕರ್, ರಾಗಸಂಯೋಜನೆ ವಿಜಯಭಾಸ್ಕರರದು ಎಂದು ಹೇಳಬಲ್ಲವರು ಎಷ್ಟು ಮಂದಿ? ಅದೇ ಚಿತ್ರದ ಉಳಿದ ಹಾಡುಗಳಿಗೆ ವಿಜಯನಾರಸಿಂಹ, ಆರ್. ಎನ್. ಜಯಗೋಪಾಲ್ ಅವರೂ ಲೇಖನಿ ಹಿಡಿದಿದ್ದರು. ಮೂವರ ಮಾತು ಒಬ್ಬರ ಸಂಗೀತದಲ್ಲಿ ಒಂದೇ ಮನೆಯ ಮಕ್ಕಳಂತೆ ಬೆಳೆಯಿತು.

ಈ ವೃತ್ತಿಯ ಬೇರು ರಂಗಭೂಮಿಯಲ್ಲಿದೆ. 1934ರ ‘ಸತಿ ಸುಲೋಚನ’ಕ್ಕೆ ಮಾತನ್ನೂ ಹಾಡನ್ನೂ ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳು ನಾಟಕಕಾರರು, ಸಂಗೀತ ನೀಡಿದ ಆರ್. ನಾಗೇಂದ್ರರಾಯರು ರಂಗನಟರು. ಮೇಲೆ ಹೇಳಿದ ಜಯಗೋಪಾಲ್ ಇವರ ಮಗ. ಚಿಂದೋಡಿ ವೀರಪ್ಪನವರ ನಾಟಕ ಕಂಪನಿಯನ್ನು ಸಾಕಿದ ದಾವಣಗೆರೆಗೆ ಈ ಸಂಬಂಧವನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಿದ್ಧವಾದ ಮಟ್ಟಿಗೆ ಮಾತು ಕೂಡಿಸುವುದು ಸುಲಭದ ಕೆಲಸವೆಂದು ಪಂಡಿತರು ಕೆಲವರು ಎಣಿಸುವುದುಂಟು. ವಾಸ್ತವವಾಗಿ ಅದು ಛಂದಸ್ಸಿನ ಕಠಿಣ ಪರೀಕ್ಷೆ. ಸ್ವರ ನೀಳವಾಗಿ ನಿಲ್ಲುವ ಕಡೆ ದೀರ್ಘಾಕ್ಷರ ಬೇಕು. ಲಯ ಓಡುವ ಕಡೆ ಒತ್ತಕ್ಷರ ಕಾಲಿಗೆ ತೊಡರಬಾರದು. ಕಥೆಯ ಸಂದರ್ಭ ಕೆಡಬಾರದು, ಪಾತ್ರದ ಬಾಯಿಗೆ ಒಗ್ಗದ ಮಾತು ಬರಬಾರದು. ಇಷ್ಟೆಲ್ಲ ಕಟ್ಟುಗಳ ನಡುವೆ ಸಹಜವೆನಿಸುವ ನಾಲ್ಕು ಸಾಲು ಹೊಮ್ಮಿದರೆ ಅದನ್ನು ಕವಿಕರ್ಮವೆನ್ನದೆ ಬೇರೇನೆನ್ನಬೇಕು? 1987ರ ‘ಪ್ರೇಮಲೋಕ’ದಲ್ಲಿ ಹಂಸಲೇಖರು ಮಾತು, ಮಟ್ಟು ಎರಡನ್ನೂ ತಾವೇ ಹೊತ್ತು, ಆಡುನುಡಿಯನ್ನು ಹೊಸ ತಾಳಕ್ಕೆ ಕುಣಿಸಿದರು. ಅಲ್ಲಿ ಒಂದೇ ತಲೆ ಎರಡು ಕಸುಬು ಮಾಡಿತು, ಕಟ್ಟುಗಳೇನೂ ಸಡಿಲವಾಗಲಿಲ್ಲ.

ಆಕಾಶವಾಣಿಯು ಹಾಡಿನೊಡನೆ ಚಿತ್ರ, ಸಾಹಿತ್ಯ, ಸಂಗೀತ, ಗಾಯನಗಳ ವಿವರವನ್ನು ಹೇಳುವ ಒಳ್ಳೆಯ ಪದ್ಧತಿಯನ್ನು ರೂಢಿಸಿತು. ಕೈಯಲ್ಲಿನ ಫೋನಿನಿಂದ ಹಾಡು ಕೇಳುವ ಈ ಕಾಲದಲ್ಲಿ ಆ ಸೌಜನ್ಯ ತೆಳುವಾಗಿದೆ. 2012ರಲ್ಲಿ ಕೃತಿಸ್ವಾಮ್ಯದ ಕಾನೂನು ತಿದ್ದುಪಡಿಯಾಗಿ, ಚಿತ್ರಮಂದಿರದ ಹೊರಗಿನ ಬಳಕೆಯ ಗೌರವಧನದಲ್ಲಿ ಗೀತಕಾರನಿಗೂ ಸಂಗೀತಗಾರನಿಗೂ ಪಾಲು ಸಲ್ಲಬೇಕೆಂದಾಯಿತು. ಇದು ನ್ಯಾಯ. ಆದರೆ ಹಣದ ಪಾಲನ್ನು ಕಾನೂನು ಕೊಡಿಸಬಲ್ಲದು. ನೆನಪಿನ ಪಾಲನ್ನು ಕೇಳುಗನೇ ಕೊಡಬೇಕು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಓಬವ್ವನ ಹಾಡಿಗೆ ಹೆಜ್ಜೆ ಹಾಕುವ ಮುನ್ನ ಉಪಾಧ್ಯಾಯರು ಉದಯಶಂಕರ್, ವಿಜಯಭಾಸ್ಕರ್ ಎಂಬ ಎರಡು ಹೆಸರುಗಳನ್ನು ಉಚ್ಚರಿಸಿದರೆ ಸಾಕು. ಅದಕ್ಕೆ ಹಿಡಿಯುವ ಕಾಲ ಅರೆ ನಿಮಿಷ.