ಎಂಆರ್‌ಐ ಕೋಣೆಯಲ್ಲಿ ಚುಕ್‌ಚುಕ್ ಅನ್ನುವುದೇನು?

ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ಬೆನ್ನುನೋವೆಂದು ತುಮಕೂರಿಗೆ ಎಂಆರ್‌ಐ ಮಾಡಿಸಲು ಬಂದವರಿಗೆ ಈ ಸದ್ದು ಗೊತ್ತಿರಬಹುದು. ಒಳಗೆ ಸ್ಕ್ಯಾನ್ ನಡೆಯುತ್ತಿಲ್ಲ, ಆದರೂ ಯಂತ್ರ ಚುಕ್ ಚುಕ್ ಎನ್ನುತ್ತಲೇ ಇರುತ್ತದೆ. ಅದು ಕ್ರಯೋಕೂಲರ್. ಒಳಗಿನ ನಿಯೋಬಿಯಂ-ಟೈಟಾನಿಯಂ ತಂತಿಸುರುಳಿ ಮೈನಸ್ 269 ಡಿಗ್ರಿಯಲ್ಲಿದ್ದರೆ ಅತಿವಾಹಕ, ವಿದ್ಯುತ್ತು ತಡೆಯಿಲ್ಲದೆ ಹರಿಯುತ್ತದೆ. ಆ ತಂಪನ್ನು ಕಾಯುವುದೇ ಇದರ ಕೆಲಸ.

1908ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಆನ್ಸ್ ಹೀಲಿಯಂ ಅನಿಲವನ್ನು ದ್ರವವಾಗಿಸಿದ. 1911ರಲ್ಲಿ ಅದೇ ತಂಪಿನಲ್ಲಿ ಪಾದರಸದ ವಿದ್ಯುತ್ ತಡೆ ಮಾಯವಾಯಿತು. ಆಮೇಲೆ ಬಹುಕಾಲ ಅತಿವಾಹಕ ಬೇಕೆಂದವರು ದ್ರವ ಹೀಲಿಯಂ ಸುರಿಯುತ್ತಲೇ ಇರಬೇಕಿತ್ತು. ಸುರಿದದ್ದು ಆವಿಯಾಗುತ್ತದೆ, ನಮ್ಮಲ್ಲಿ ಅದು ಆಮದು ಸರಕು. ದೊಡ್ಡ ಪ್ರಯೋಗಾಲಯಕ್ಕೆ ಸರಿ, ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ನಿಭಾಯಿಸುವುದು ಕಷ್ಟ.

1987ರಲ್ಲಿ ಒಂದು ಆಸೆ ಹುಟ್ಟಿತು. ದ್ರವ ನೈಟ್ರೋಜನ್ನಿನ ಮೈನಸ್ 196 ಡಿಗ್ರಿಯಲ್ಲೇ ಅತಿವಾಹಕವಾಗುವ ಸೆರಾಮಿಕ್ ಸಿಕ್ಕಿತು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ತಂಡವೂ ಅದರ ಬೆನ್ನು ಹತ್ತಿತ್ತು. ನೈಟ್ರೋಜನ್ ಎಂದರೆ ಪಶು ಆಸ್ಪತ್ರೆಯವರು ಹೋರಿಯ ವೀರ್ಯದ ಕಡ್ಡಿಗಳನ್ನಿಡುವ ಕ್ಯಾನಿನಲ್ಲಿರುತ್ತದಲ್ಲ, ಅದೇ! ಆದರೆ ಆ ಸೆರಾಮಿಕ್ ಹಪ್ಪಳದ ಹಾಗೆ, ಬಾಗಿಸಿದರೆ ಮುರಿಯುತ್ತದೆ. ಎಂಆರ್‌ಐ ತಯಾರಕರು ಹಳೆಯ ತಂತಿಯನ್ನು ಬಿಡಲಿಲ್ಲ.

ದಾರಿ ತೆಗೆದದ್ದು ಈ ಚುಕ್‌ಚುಕ್ ಕ್ರಯೋಕೂಲರ್, ಅಂದರೆ ಗಿಫರ್ಡ್-ಮೆಕ್‌ಮಹನ್ ಕೂಲರ್. ಪಕ್ಕದ ಕೋಣೆಯ ಕಂಪ್ರೆಸರ್ ಹೀಲಿಯಂ ಅನಿಲವನ್ನು ಒತ್ತಿ ಕಳಿಸುತ್ತದೆ, ಯಂತ್ರದ ನೆತ್ತಿಯ ಮೇಲೆ ಅದು ಹಿಗ್ಗಿ ತಣ್ಣಗಾಗುತ್ತದೆ. ತಂಪನ್ನು ಹಿಡಿದಿಡಲು ಒಳಗೆ ತುಂಬುತ್ತಿದ್ದ ಸೀಸದ ಗುಂಡುಗಳು ಮೈನಸ್ 263ರ ಆಸುಪಾಸಿನಲ್ಲಿ ಕೈಕೊಡುತ್ತಿದ್ದವು. 1990ರ ಸುಮಾರಿಗೆ ಜಪಾನಿನವರು ಅಲ್ಲಿ ಎರ್ಬಿಯಂ-ನಿಕಲ್ ಮಿಶ್ರಲೋಹ ತುಂಬಿದ ಮೇಲೆ ಮೈನಸ್ 269 ಕೈಗೆಟುಕಿತು. ಒಂದೂವರೆ ವ್ಯಾಟ್ ಶಾಖ ಹೊರಹಾಕಲು ಏಳು ಕಿಲೋವ್ಯಾಟ್ ಕರೆಂಟು! ಕೇಳಿದರೆ ದುಂದು ಅನ್ನಿಸುತ್ತದೆ. ಹೀಲಿಯಂ ಬಿಲ್ಲು ಕಟ್ಟಿದವರಿಗೆ ಅನ್ನಿಸುವುದಿಲ್ಲ.

2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಯೂಪಿಎಐ ಕಂಪನಿ 25 ಕ್ಯೂಬಿಟ್‌ಗಳ 'ಇಂಡಸ್' ಕ್ವಾಂಟಮ್ ಕಂಪ್ಯೂಟರ್ ಪ್ರಕಟಿಸಿತು. ಇಂಥ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಅತಿವಾಹಕ ಕ್ಯೂಬಿಟ್‌ಗಳಿಗೆ ಎಂಆರ್‌ಐನ ತಂಪೂ ಬಿಸಿಯೇ. ನಿರಪೇಕ್ಷ ಶೂನ್ಯದಿಂದ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು ಮೇಲಿದ್ದರೆ ಸರಿ. ಹೀಲಿಯಂ-3 ಹೀಲಿಯಂ-4ರೊಳಗೆ ಬೆರೆಯುವಾಗ ಶಾಖ ಹೀರುವ ಡೈಲ್ಯೂಷನ್ ರೆಫ್ರಿಜರೇಟರ್ ಅಲ್ಲಿಗೆ ಮುಟ್ಟಿಸುತ್ತದೆ. ಅದಕ್ಕೆ ಮೊದಲ ಹಂತದ ತಂಪು ಕೊಡಲು ಈಗ ಸಾಮಾನ್ಯವಾಗಿ ಆರಿಸುವುದು ಪಲ್ಸ್ ಟ್ಯೂಬ್ ಕೂಲರ್: ತಣ್ಣನೆಯ ತುದಿಯಲ್ಲಿ ಅಲ್ಲಾಡುವ ಭಾಗವೇ ಇಲ್ಲ, ಕಂಪನ ಕಡಿಮೆ. ಗಿಫರ್ಡ್-ಮೆಕ್‌ಮಹನ್ ಕೂಲರಿನ ಕಂಪನ ಎಂಆರ್‌ಐಗೆ ಲೆಕ್ಕಕ್ಕಿಲ್ಲ, ಕ್ಯೂಬಿಟ್‌ಗೆ ತಡೆಯದು.

ಇನ್ನುಳಿದ ತಾಪತ್ರಯ ಹೀಲಿಯಂ-3ರದು. ವಿಕಿರಣಶೀಲ ಹೈಡ್ರೋಜನ್ ಆದ ಟ್ರಿಟಿಯಂ ಕ್ಷಯಿಸಿದರೇ ಅದು ಹೆಚ್ಚಾಗಿ ಕೈಗೆ ಸಿಗುತ್ತದೆ. ಆ ಟ್ರಿಟಿಯಂ ಬಹುಪಾಲು ಅಣ್ವಸ್ತ್ರ ದೇಶಗಳ ದಾಸ್ತಾನಿನಲ್ಲಿದೆ.