ಐವತ್ತು ವರ್ಷ ಬಾರದ ಪುಸ್ತಕ

ಕಥೆ ಬರೆದವರ ಹೆಸರು ಓದುಗರ ನೆನಪಿನಲ್ಲಿರುತ್ತದೆ. ಹತ್ತಾರು ಮಂದಿಯಿಂದ ಕಥೆ ತರಿಸಿ, ಓದಿ, ಆರಿಸಿ ಪುಸ್ತಕ ಮಾಡುವ ಸಂಪಾದಕರನ್ನು ಕೇಳುವವರು ಕಡಿಮೆ. ಆದರೆ ಅಮೆರಿಕದ ವಿಜ್ಞಾನ ಕಥೆಗಳ ಲೋಕದಲ್ಲಿ ಒಬ್ಬ ಸಂಪಾದಕರ ಬಗ್ಗೆ ಅರ್ಧ ಶತಮಾನ ಮಾತು ನಡೆಯಿತು. ಅವರು ತಂದ ಪುಸ್ತಕಕ್ಕಿಂತಲೂ ತಾರದ ಪುಸ್ತಕದ ಬಗ್ಗೆಯೇ ಹೆಚ್ಚು!

ಅವರು ಹಾರ್ಲನ್ ಎಲಿಸನ್. 1967ರಲ್ಲಿ 'ಡೇಂಜರಸ್ ವಿಷನ್ಸ್' ಎಂಬ ಸಂಕಲನ ತಂದರು. 32 ಲೇಖಕರು, 33 ಕಥೆಗಳು. ಪತ್ರಿಕೆಗಳಲ್ಲಿ ಬಂದ ಕಥೆಗಳನ್ನೇ ಮತ್ತೆ ಜೋಡಿಸಿ ಸಂಕಲನ ಮಾಡುವ ರೂಢಿ ಆಗ ಹೆಚ್ಚಾಗಿತ್ತು. ಎಲಿಸನ್ ಹೊಸ ಕಥೆಗಳನ್ನೇ ಕೇಳಿದರು. ಪತ್ರಿಕೆಯವರು ಅಂಜಿ ಹಿಂದಿರುಗಿಸುವಂಥದ್ದನ್ನೇ ಕೊಡಿ ಎಂದರು. (ಎಲ್ಲವೂ ಮನೆಮಂದಿ ಜೊತೆ ಕುಳಿತು ಓದುವಂತಹ ಕಥೆಗಳಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.) ಪ್ರತಿಯೊಂದು ಕಥೆಗೂ ಅವರೇ ಮುನ್ನುಡಿ ಬರೆದರು.

ಈ ಸಾಹಿತ್ಯಕ್ಕೆ ಒಂದು ವಿಶೇಷವಿದೆ. 1939ರಿಂದ ಓದುಗರೇ ಸೇರಿ ವಿಶ್ವ ಸಮ್ಮೇಳನ ನಡೆಸುತ್ತಾ ಬಂದಿದ್ದಾರೆ. ಹ್ಯೂಗೋ ಪ್ರಶಸ್ತಿಗೆ ಮತ ಹಾಕುವವರು ಆ ಸಮ್ಮೇಳನದ ಸದಸ್ಯರು. 1968ರಲ್ಲಿ ಈ ಸಂಕಲನದ ಎರಡು ಕಥೆಗಳು ಹ್ಯೂಗೋ ಪಡೆದವು. ಸಂಪಾದಕರಿಗೂ ವಿಶೇಷ ಗೌರವ ಸಂದಿತು.

1972ರಲ್ಲಿ ಎರಡನೆಯ ಸಂಕಲನ ಬಂತು. ಮೂರನೆಯದು ಮರುವರ್ಷವೇ ಬರುತ್ತದೆ ಎಂದರು. ಬರಲಿಲ್ಲ. ಹೊಸ ಕಥೆಗಳು ಸೇರುತ್ತಲೇ ಹೋದವು, ಮುನ್ನುಡಿಗಳು ಮುಗಿಯಲೇ ಇಲ್ಲ. 1979ರ ಹೊತ್ತಿಗೆ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಕಥೆಗಳಿದ್ದವು. ಬರೆದವರು ಕಾದರು. ಅನೇಕರು ಕಾಯುತ್ತಲೇ ತೀರಿಕೊಂಡರು.

ಇದನ್ನು ಓದುವಾಗ ನನಗೆ ನಮ್ಮ ಶಾಲೆಯ ಬೀರು ನೆನಪಾಯಿತು. ಕೈಬರಹ ಪತ್ರಿಕೆಗೆಂದು ಎಂಟನೇ ತರಗತಿಯ ಹುಡುಗನೊಬ್ಬ ಕೊಟ್ಟ ಕಥೆ ಅದರಲ್ಲಿತ್ತು. ಆ ವರ್ಷ ಪತ್ರಿಕೆ ಹೊರಡಲಿಲ್ಲ. ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಹೋದ. ನಾನು ಕಥೆಯನ್ನು ಹಿಂದಿರುಗಿಸಲೂ ಇಲ್ಲ, ಅವನು ಕೇಳಲೂ ಇಲ್ಲ. ಇನ್ನೊಬ್ಬರು ನಂಬಿ ಒಪ್ಪಿಸಿದ ಸೊತ್ತು ಅದು.

ಇಂಗ್ಲೆಂಡಿನ ಕ್ರಿಸ್ಟೋಫರ್ ಪ್ರೀಸ್ಟ್ ಮಾತ್ರ ಕೇಳಿದವರು. ಸಂಕಲನಕ್ಕೆಂದು ಬರೆದ ಕಥೆಯನ್ನು ಅವರು ಹಿಂದಕ್ಕೆ ಪಡೆದು 1976ರಲ್ಲಿ ಬೇರೆಡೆ ಅಚ್ಚು ಹಾಕಿಸಿದರು. 1987ರಲ್ಲಿ ಒಂದು ಕಿರುಪುಸ್ತಕ ಬರೆದು, ಎಲಿಸನ್ ಯಾವ ವರ್ಷ ಏನು ಭರವಸೆ ಕೊಟ್ಟಿದ್ದರು ಎಂಬುದನ್ನೆಲ್ಲ ಲೆಕ್ಕ ಹಾಕಿ ತೋರಿಸಿದರು. ಅದು ಅಭಿಮಾನಿಗಳ ಕೈಯಿಂದ ಕೈಗೆ ಹೋಯಿತು. ಕಾರ್ಡ್‌ವೈನರ್ ಸ್ಮಿತ್ ಎಂಬ ಲೇಖಕರು ತೀರಿಕೊಂಡದ್ದು 1966ರಲ್ಲಿ. ಎಲಿಸನ್ ಬಳಿ ಉಳಿದಿದ್ದ ಅವರ ಕಥೆಯನ್ನು 1993ರಲ್ಲಿ ಅಚ್ಚು ಮಾಡಿದ್ದು ದೊಡ್ಡ ಪ್ರಕಾಶಕರಲ್ಲ, ನ್ಯೂ ಇಂಗ್ಲೆಂಡ್ ಪ್ರದೇಶದ ಅಭಿಮಾನಿಗಳ ಸಂಘ.

ಎಲಿಸನ್ ಸೋಮಾರಿಯಾಗಿರಲಿಲ್ಲ. ಬದುಕಿನಲ್ಲಿ ಅವರು ಬರೆದ ಕಥೆ, ಲೇಖನಗಳು ಸಾವಿರಕ್ಕೂ ಹೆಚ್ಚು. 2018ರಲ್ಲಿ ಅವರು ತೀರಿಕೊಂಡ ಬಳಿಕ ಗೆಳೆಯ ಜೆ. ಮೈಕಲ್ ಸ್ಟ್ರಾಜಿನ್ಸ್ಕಿ ಈ ಕೆಲಸ ಕೈಗೆತ್ತಿಕೊಂಡರು. ಮನಸ್ಸನ್ನು ಒಮ್ಮೆ ಎತ್ತಿ ಒಮ್ಮೆ ಕುಗ್ಗಿಸುವ ಬೈಪೋಲಾರ್ ಎಂಬ ಕಾಯಿಲೆ ಎಲಿಸನ್ನರಿಗಿತ್ತು ಎಂಬುದನ್ನು ಅವರೇ ಬರೆದು ತಿಳಿಸಿದರು. ಕಾದವರಿಗೆ ಇದು ಗೊತ್ತಿದ್ದರೆ ಸಿಟ್ಟು ಕಡಿಮೆಯಾಗುತ್ತಿತ್ತೇ? ಇರಬಹುದು. ಆದರೆ ಕಥೆಗಳು ಅವರವೇ ತಾನೆ?

2024ರ ಅಕ್ಟೋಬರಿನಲ್ಲಿ ಪುಸ್ತಕ ಕೊನೆಗೂ ಬಂತು. ಹಳೆಯ ಕಥೆಗಳಲ್ಲಿ ಕೆಲವು ಮಾತ್ರ ಅದರಲ್ಲಿವೆ, ಜೊತೆಗೆ ಹೊಸಬರ ಕೆಲವು ಕಥೆಗಳು. ಕ್ರಿಸ್ಟೋಫರ್ ಪ್ರೀಸ್ಟ್ ಅದನ್ನು ನೋಡಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಅವರು ತೀರಿಕೊಂಡಿದ್ದರು.