ಏರಿನಲ್ಲಿ ಬೆನ್ನಿಗೊಂದು ದೀಪ

ಸೈಕಲ್‌ಗೆ ದೀಪ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಲ್ಯೂಮೆನ್ ಸಂಖ್ಯೆಯ ಮೇಲೆ. ಸಾವಿರ ಇದ್ದರೆ ಒಳ್ಳೆಯದು, ಎರಡು ಸಾವಿರ ಇದ್ದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ. ಹಿಂದಿನ ಕೆಂಪು ದೀಪವನ್ನು ಅಂಗಡಿಯವರು ಜೊತೆಗೆ ಪುಕ್ಕಟೆ ಕೊಟ್ಟರೆ ಹಾಕಿಸಿಕೊಂಡರು, ಇಲ್ಲದಿದ್ದರೆ ಇಲ್ಲ. ಕಡೂರಿನಿಂದ ಆಚೆಗಿನ ಬಯಲುಸೀಮೆಯ ನೇರ ರಸ್ತೆಗಳಲ್ಲಿ ಈ ಲೆಕ್ಕ ಹೇಗೋ ನಡೆದೀತು. ಆದರೆ ಚಿಕ್ಕಮಗಳೂರಿನಿಂದ ಆಲ್ದೂರಿನ ಕಡೆಗೋ, ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೋ, ಕಳಸದಿಂದ ಸಂಸೆಗೋ ದಿನಾ ಸೈಕಲ್ ತುಳಿಯುವವರ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ. ಕಾಫಿ ಸೀಮೆಯಲ್ಲಿ ಕೈಯಲ್ಲಿರುವ ಮೊದಲ ದುಡ್ಡು ಹಿಂದಿನ ದೀಪಕ್ಕೆ ಹೋಗಬೇಕು, ಉಳಿದದ್ದು ಮುಂದಿನದಕ್ಕೆ. ಇದಕ್ಕೆ ಕಾರಣ ಈ ರಸ್ತೆಗಳ ಏರಿಳಿತದಲ್ಲೇ ಇದೆ.

ಈ ಗುಡ್ಡಗಳಲ್ಲಿ ಈಗ ಸೈಕಲ್ ಹೊಡೆಯುವವರಾದರೂ ಯಾರು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸುಳ್ಳಲ್ಲ. ತೋಟದ ರೈಟರ ಸೈಕಲ್ ಎಂದೋ ಬೈಕಾಗಿದೆ, ಕೂಲಿ ಲೈನಿನಿಂದ ತೋಟಕ್ಕೆ ಆಳುಗಳು ಜೀಪು, ಪಿಕಪ್‌ಗಳಲ್ಲಿ ಹೋಗುತ್ತಾರೆ. ಆದರೂ 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿದ ಮೇಲೆ ಹಳ್ಳಿಹಳ್ಳಿಗೂ ಸೈಕಲ್ ಬಂತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತರೂ ಹಳೆಯ ಸೈಕಲ್‌ಗಳು ಅಣ್ಣನಿಂದ ತಮ್ಮನಿಗೆ, ಮಗಳಿಂದ ಅಪ್ಪನಿಗೆ ಕೈ ಬದಲಾಯಿಸಿಕೊಂಡು ಓಡಾಡುತ್ತಲೇ ಇವೆ. ಹಾಲು ಹಾಕಲು ಡೇರಿಗೆ ಹೋಗುವವರು, ಪೇಪರ್ ಹಾಕುವ ಹುಡುಗರು, ಪೇಟೆಯ ಅಂಗಡಿ ಬಾಗಿಲು ಹಾಕಿ ಮನೆಗೆ ಮರಳುವವರು ಓಡಾಡುವುದು ಬೆಳಕು ಹರಿಯುವ ಮುಂಚೆ ಅಥವಾ ಕತ್ತಲಾದ ಮೇಲೆ. ಸೈಕಲ್ ಸವಾರರು ಕಡಿಮೆಯಾದಷ್ಟೂ ಅಪಾಯ ಹೆಚ್ಚು ಎಂಬುದನ್ನೂ ಇಲ್ಲಿ ಸೇರಿಸಬೇಕು. ತಿರುವಿನಾಚೆ ಸೈಕಲ್ ಇದ್ದೀತು ಎಂದು ವಾಹನ ಓಡಿಸುವವನು ನಿರೀಕ್ಷಿಸುವುದನ್ನೇ ಬಿಟ್ಟಿರುತ್ತಾನೆ.

ಈಗ ಏರಿನ ಲೆಕ್ಕಕ್ಕೆ ಬರೋಣ. ಐದು ಕಿಲೋಮೀಟರ್ ಉದ್ದದ ಒಂದು ಏರನ್ನು ಗಂಟೆಗೆ 8 ಕಿ.ಮೀ. ವೇಗದಲ್ಲಿ ತುಳಿದರೆ ಮೂವತ್ತೇಳೂವರೆ ನಿಮಿಷ ಬೇಕು. ಅದೇ ದಾರಿಯನ್ನು 30 ಕಿ.ಮೀ. ವೇಗದಲ್ಲಿ ಇಳಿದರೆ ಹತ್ತೇ ನಿಮಿಷ. ಅಂದರೆ ಹೋಗಿಬರುವ ಹೊತ್ತಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಏರಿನಲ್ಲೇ ಕಳೆಯುತ್ತದೆ. ಆಗ ಸೈಕಲ್‌ಗೂ ಹಿಂದಿನಿಂದ ಬರುವ ವಾಹನಕ್ಕೂ ವೇಗದ ಅಂತರ ಅತಿ ಹೆಚ್ಚು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಜೀಪಿಗೆ ಎಂಟರ ವೇಗದ ಸೈಕಲ್ ಹೆಚ್ಚುಕಡಿಮೆ ನಿಂತ ವಸ್ತುವೇ ಸರಿ. ಚಾಲಕ ನೋಡಿ, ಗುರುತಿಸಿ, ಬ್ರೇಕ್ ಒತ್ತುವಷ್ಟರಲ್ಲಿ 25 ಮೀಟರ್ ಕಳೆದಿರುತ್ತದೆ. ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಪೂರ್ತಿ ನಿಲ್ಲಲು ಒಟ್ಟು ಸುಮಾರು 60 ಮೀಟರ್ ಬೇಕು. ಏರಿನಲ್ಲಿ ಬಸವಳಿದ ಸವಾರ ಎಡಕ್ಕೂ ಬಲಕ್ಕೂ ವಾಲಾಡುತ್ತಲೇ ತುಳಿಯುವುದರಿಂದ ಅವನ ಪಕ್ಕದಲ್ಲಿ ಜಾಗವೂ ಹೆಚ್ಚು ಬೇಕು. ಮುಂದಿನ ದೀಪದಿಂದ ಆ ಹೊತ್ತಿನಲ್ಲಿ ಆಗುವ ಉಪಕಾರ ಬಹಳ ಕಡಿಮೆ. ಎಂಟು ಕಿ.ಮೀ. ವೇಗದಲ್ಲಿ ಗುಂಡಿ ಕಾಣಲು ಒಂದು ಸಾಧಾರಣ ಟಾರ್ಚ್ ಸಾಕು. ಬೆನ್ನ ಹಿಂದೆ ಏನು ಬರುತ್ತಿದೆ ಎಂಬುದನ್ನು ಮಾತ್ರ ಎಂಥ ಹೆಡ್‌ಲೈಟೂ ತೋರಿಸಲಾರದು. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಲ್ಲೂ ದೇಶದ ಒಟ್ಟು ರಸ್ತೆ ಅಪಘಾತಗಳಲ್ಲಿ ಹಿಂದಿನಿಂದ ಗುದ್ದಿದವೇ ಮೊದಲ ಸ್ಥಾನದಲ್ಲಿದ್ದವು, ಐದರಲ್ಲಿ ಒಂದರಷ್ಟು. ಅದು ಎಲ್ಲ ವಾಹನಗಳನ್ನೂ ಸೇರಿಸಿದ ಲೆಕ್ಕ, ಸೈಕಲ್‌ನದಷ್ಟೇ ಅಲ್ಲ. ಆದರೂ ಭಯ ಯಾವ ದಿಕ್ಕಿನಿಂದ ಎಂಬುದಕ್ಕೆ ಅದು ಸಾಕು.

ಅದಕ್ಕೇ ರಿಫ್ಲೆಕ್ಟರ್ ಇದೆಯಲ್ಲ ಎನ್ನುವುದು ಎಲ್ಲರೂ ಹೇಳುವ ಮಾತು. ಅಂಗಡಿಯಿಂದ ಬರುವ ಸಾಮಾನ್ಯ ಸೈಕಲ್‌ನಲ್ಲಿ ದೀಪ ಇರುವುದಿಲ್ಲ, ರಿಫ್ಲೆಕ್ಟರ್ ಇರುತ್ತದೆ. ಅವುಗಳ ಗುಣಮಟ್ಟ ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದೆ. ಒಳ್ಳೆಯದೇ. ಆದರೆ ರಿಫ್ಲೆಕ್ಟರ್‌ಗೆ ಸ್ವಂತ ಬೆಳಕಿಲ್ಲ. ಬಂದ ಬೆಳಕನ್ನು ಬಂದ ದಾರಿಯಲ್ಲೇ ವಾಪಸು ಕಳಿಸುವುದಷ್ಟೇ ಅದರ ಕೆಲಸ. ನೇರ ರಸ್ತೆಯಲ್ಲಿ ಅದು ದೂರದಿಂದಲೇ ಹೊಳೆಯುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಜೀಪಿನ ಹೆಡ್‌ಲೈಟ್ ಬೀಳುವುದು ಎದುರಿನ ಧರೆಯ ಮೇಲೋ ಪ್ರಪಾತದ ಕಡೆಯ ಸಿಲ್ವರ್ ಓಕ್ ಮರಗಳ ಮೇಲೋ. ತಿರುವು ಮುಗಿದು ಬೆಳಕು ಸೈಕಲ್ ಮೇಲೆ ಬೀಳುವ ಹೊತ್ತಿಗೆ ಅಂತರ ಹತ್ತಿಪ್ಪತ್ತು ಮೀಟರ್‌ಗೆ ಇಳಿದಿರುತ್ತದೆ. ಸ್ವತಃ ಉರಿಯುವ ಕೆಂಪು ದೀಪ ಹಾಗಲ್ಲ, ತಿರುವಿನ ಆ ಬದಿಯಿಂದಲೂ ಗಿಡಗಳ ಸಂದಿಯಲ್ಲಿ ಕಾಣುತ್ತದೆ. ಇನ್ನು ಜುಲೈ ತಿಂಗಳಲ್ಲಿ ಯಾವುದಾದರೂ ಸೈಕಲ್‌ನ ಹಿಂದಿನ ಮಡ್‌ಗಾರ್ಡ್ ಬಗ್ಗಿ ನೋಡಿ. ತೋಟದ ದಾರಿಯ ಕೆಂಪು ರಾಡಿ ಚಿಮ್ಮಿ, ಒಣಗಿ, ಮತ್ತೆ ಚಿಮ್ಮಿ, ರಿಫ್ಲೆಕ್ಟರ್‌ನ ಒಳಗಿರುವ ಜೇನುಗೂಡಿನಂಥ ಕಣ್ಣುಗಳ ಮೇಲೆ ಇಟ್ಟಿಗೆ ಬಣ್ಣದ ಪದರ ಕಟ್ಟಿರುತ್ತದೆ. ಬೆರಳಿನಿಂದ ಉಜ್ಜಿದರೆ ಮಾತ್ರ ಅಲ್ಲೊಂದು ಕೆಂಪು ಪ್ಲಾಸ್ಟಿಕ್ ಇದೆ ಎಂದು ಗೊತ್ತಾಗುವುದು.

ದೀಪ ಹಾಕಿದ ಮಾತ್ರಕ್ಕೆ ಅಪಘಾತ ತಪ್ಪುತ್ತದೆಯೇ ಎಂದು ಅಳೆದು ನೋಡಿದವರಿದ್ದಾರೆ. ಡೆನ್ಮಾರ್ಕಿನ ಓಡೆನ್ಸೆ ನಗರದಲ್ಲಿ 2004ರ ಕೊನೆಯಿಂದ ಒಂದು ವರ್ಷ 3,845 ಸೈಕಲ್ ಸವಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಚಕ್ರದ ಅಯಸ್ಕಾಂತದಿಂದ ಹಗಲೂ ರಾತ್ರಿ ಉರಿಯುವ ದೀಪ ಕೊಟ್ಟರು. ಆ ಗುಂಪಿನಲ್ಲಿ ಸವಾರರು ಗಾಯಗೊಂಡ ಒಟ್ಟು ಸೈಕಲ್ ಅಪಘಾತಗಳ ಪ್ರಮಾಣ ಶೇ. 19ರಷ್ಟು ಕಡಿಮೆ ಬಂತು. ಓಡೆನ್ಸೆ ಸಪಾಟು ಊರು, ಅಲ್ಲಿನ ಸೈಕಲ್ ದಾರಿಗಳೇ ಬೇರೆ, ಅದನ್ನು ತಂದು ನಮ್ಮ ಗುಡ್ಡಗಳ ನಡುವಿನ ಬಣಕಲ್‌ಗೆ ಅಂಟಿಸಬಹುದೇ ಎಂದರೆ ಅಂಕಿಯನ್ನು ಅಂಟಿಸಲಾಗದು. ಆದರೆ ಅಲ್ಲಿ ದೀಪ ಹಗಲೂ ಉರಿಯುತ್ತಿತ್ತು ಎಂಬ ಅಂಶ ನಮಗೆ ಬೇಕಾದದ್ದು. ನಮ್ಮಲ್ಲೂ 2017ರ ಏಪ್ರಿಲ್ 1ರಿಂದ ಹೊಸ ಬೈಕು, ಸ್ಕೂಟರ್‌ಗಳ ಹೆಡ್‌ಲೈಟ್ ಹಗಲಲ್ಲೂ ತಾನಾಗಿ ಉರಿಯುತ್ತಿರಬೇಕು ಎಂಬ ನಿಯಮ ಬಂದಿದೆ. ಮಳೆಗಾಲದಲ್ಲಿ ಕೊಟ್ಟಿಗೆಹಾರದ ಮಧ್ಯಾಹ್ನವೇ ಮುಸ್ಸಂಜೆಯಂತಿರುತ್ತದೆ. ಕಾಫಿ ಕುಯ್ಲಿನ ನವೆಂಬರ್, ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಆಸುಪಾಸಿಗೆ; ಹಲಸು, ಅತ್ತಿ, ಹಾಲುವಾಣದ ನೆರಳಿರುವ ತೋಟದ ರಸ್ತೆಗೆ ಕತ್ತಲು ಅದಕ್ಕೂ ಅರ್ಧ ಗಂಟೆ ಮೊದಲೇ ಇಳಿಯುತ್ತದೆ. ಸ್ವಿಚ್ ಒತ್ತಲು ಕತ್ತಲಾಗುವುದನ್ನು ಕಾಯುವುದೇ ಇಲ್ಲಿ ತಪ್ಪು.

ಹಿಂದಿನ ದೀಪ ಮಿನುಗಬೇಕೋ ಎಡೆಬಿಡದೆ ಉರಿಯಬೇಕೋ ಎಂಬುದು ಹಳೆಯ ಜಗಳ. ಜರ್ಮನಿಯಲ್ಲಿ ಸೈಕಲ್‌ನ ಮಿನುಗು ದೀಪಕ್ಕೆ ಅನುಮತಿಯಿಲ್ಲ, ಬ್ರಿಟನ್ 2005ರಿಂದ ಒಪ್ಪಿಕೊಂಡಿದೆ. ಮಿನುಗು ದೀಪ ಬೇಗ ಕಣ್ಣಿಗೆ ಬೀಳುತ್ತದೆ, ಬ್ಯಾಟರಿಯೂ ಹೆಚ್ಚು ದಿನ ಬರುತ್ತದೆ. ಆದರೆ ಕಗ್ಗತ್ತಲಲ್ಲಿ ಆರಿ ಹತ್ತುವ ಒಂದೇ ಚುಕ್ಕಿಯ ದೂರ ಅಂದಾಜಾಗುವುದಿಲ್ಲ. ಅದು ಆರಿದ ಕ್ಷಣದಲ್ಲಿ ಸೈಕಲ್ ಎಲ್ಲಿದೆ, ಹತ್ತಿದಾಗ ಎಲ್ಲಿದೆ ಎಂದು ಚಾಲಕ ಜೋಡಿಸಿಕೊಳ್ಳಬೇಕು. ತಿರುವುಗಳ ರಸ್ತೆಯಲ್ಲಿ ನನ್ನ ಮತ ಎಡೆಬಿಡದೆ ಉರಿಯುವ ದೀಪಕ್ಕೆ. ಹಗಲಿನ ಮಳೆಯಲ್ಲಿ ಬೇಕಾದರೆ ಮಿನುಗಲಿ. ಇದರ ಜೊತೆಗೆ ಕಾಸಿಲ್ಲದ ಒಂದು ಉಪಾಯವಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿ ಆಫ್ ಟೆಕ್ನಾಲಜಿಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ರಾತ್ರಿ ಪ್ರಯೋಗದಲ್ಲಿ ಕಪ್ಪು ಬಟ್ಟೆಯ ಸವಾರನನ್ನು ಚಾಲಕರು ಗುರುತಿಸಿದ್ದು ಶೇ. 2ರಷ್ಟು ಸಲ, ಹೊಳೆಯುವ ಪಟ್ಟಿಯ ಜಾಕೆಟ್ ತೊಟ್ಟವನನ್ನು ಶೇ. 50, ಅದರ ಮೇಲೆ ಮೊಣಕಾಲಿಗೂ ಕಾಲಗಂಟಿಗೂ ಪಟ್ಟಿ ಕಟ್ಟಿದವನನ್ನು ಶೇ. 90. ಮೇಲೆ ಕೆಳಗೆ ಆಡುವ ಎರಡು ಹೊಳಪು ಕಂಡೊಡನೆ ಇದು ಸೈಕಲ್ ತುಳಿಯುವ ಮನುಷ್ಯ ಎಂದು ಕಣ್ಣಿಗೆ ತಿಳಿದುಬಿಡುತ್ತದೆ. ಹಳೆಯ ಶಾಲಾ ಬ್ಯಾಗಿನ ಹೊಳೆಯುವ ಪಟ್ಟಿಯನ್ನು ಬಿಚ್ಚಿ ಕಾಲಗಂಟಿಗೆ ಕಟ್ಟಿಕೊಂಡರೂ ಆಯಿತು.

ಹಾಗಾದರೆ ಮುಂದಿನ ದೀಪ ಬೇಡವೇ? ಖಂಡಿತ ಬೇಕು, ಇಳಿಜಾರಿಗೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಒದ್ದೆ ರಸ್ತೆ ಇಳಿಯುವ ಸೈಕಲ್ ನಿಲ್ಲಲು 25ರಿಂದ 30 ಮೀಟರ್ ಹಿಡಿಯುತ್ತದೆ. ಅಷ್ಟು ದೂರ ಕಾಣದಿದ್ದರೆ ಅಷ್ಟು ವೇಗ ಹೋಗಬಾರದು. ಹದಿನೈದು ಮೀಟರ್ ಮಾತ್ರ ಕಾಣುವ ದೀಪದಲ್ಲಿ 18ರ ವೇಗ ಮೀರದೆ ಇಳಿದರೆ ಅದೂ ಸಾಕು. ಇಲ್ಲಿ ಲ್ಯೂಮೆನ್ ಸಂಖ್ಯೆ ಮೋಸ ಮಾಡುತ್ತದೆ. ಅದು ದೀಪದಿಂದ ಹೊರಡುವ ಒಟ್ಟು ಬೆಳಕಿನ ಅಳತೆಯೇ ಹೊರತು ರಸ್ತೆಗೆ ಬಿದ್ದ ಬೆಳಕಿನದಲ್ಲ. ಟಾರ್ಚಿನಂತೆ ದುಂಡಗೆ ಚೆಲ್ಲುವ ದೀಪದಲ್ಲಿ ಅರ್ಧ ಬೆಳಕು ಮರದ ಕೊಂಬೆಗೂ ಎದುರು ಬರುವ ಬಸ್ಸಿನ ಚಾಲಕನ ಕಣ್ಣಿಗೂ ಹೋಗುತ್ತದೆ. ಜರ್ಮನಿಯ ನಿಯಮ ಸೈಕಲ್ ದೀಪದ ಬೆಳಕನ್ನು ಮೇಲ್ಗಡೆ ಗೆರೆ ಕೊಯ್ದಂತೆ ಕತ್ತರಿಸಿ ಕೆಳಕ್ಕೆ ಹರಡಲು ಹೇಳುತ್ತದೆ, ಹತ್ತು ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ (ಬಿದ್ದ ಬೆಳಕಿನ ಅಳತೆ) ಕೇಳುತ್ತದೆ. ಹಾಗೆ ಕತ್ತರಿಸಿದ ಮುನ್ನೂರು ಲ್ಯೂಮೆನ್ ದೀಪ, ಕತ್ತರಿಸದ ಸಾವಿರದ್ದಕ್ಕಿಂತ ರಸ್ತೆಯನ್ನು ಚೆನ್ನಾಗಿ ತೋರಿಸುತ್ತದೆ. ಒಂದೂವರೆ ಬಸ್ಸಿನ ಅಗಲದ ರಸ್ತೆಯಲ್ಲಿ ಎದುರಿನ ಚಾಲಕನ ಕಣ್ಣು ಕುಕ್ಕಿದರೆ ಅವನು ತಪ್ಪಿ ಬರುವುದು ಸೈಕಲ್ ಮೇಲೆಯೇ. ಆನೆ ಇರುವ ಜಾಗದಲ್ಲಿ ದೂರಕ್ಕೆ ಚೆಲ್ಲುವ ಬೆಳಕೇ ಬೇಕಲ್ಲ ಎಂಬ ವಾದಕ್ಕೆ ಬಲವಿದೆ, ಮೂಡಿಗೆರೆ, ಆಲ್ದೂರು ಕಡೆಯವರಿಗೆ ಇದು ಹುಡುಗಾಟದ ಮಾತಲ್ಲ. ಆದರೆ ತಿರುವಿನಾಚೆ ನಿಂತ ಆನೆಯನ್ನು ಎರಡು ಸಾವಿರ ಲ್ಯೂಮೆನ್ನೂ ತೋರಿಸದು. ಆನೆ ಓಡಾಟದ ಸುದ್ದಿ ಮೊಬೈಲಿಗೆ ಬಂದ ಸಂಜೆ ಸೈಕಲ್ ಬಿಟ್ಟು ಬಸ್ಸೋ ಜೀಪೋ ಹತ್ತುವುದೇ ಮೇಲು.

ಮಂಜು ಕವಿದಾಗ ಹೆಚ್ಚು ಬೆಳಕೇ ಹಗೆ. ಎದುರಿನ ಹನಿಗಳಿಗೆ ತಾಗಿದ ಬೆಳಕು ಹಿಂದಕ್ಕೆ ಚದುರಿ ಸವಾರನ ಕಣ್ಣ ಮುಂದೆ ಬಿಳಿ ಪರದೆ ಎಬ್ಬಿಸುತ್ತದೆ. ದೀಪ ಕಣ್ಣಿಗೆ ಹತ್ತಿರವಾದಷ್ಟೂ ಪರದೆ ದಟ್ಟ. ಹಾಗಾಗಿ ತಿರುವಿನಲ್ಲಿ ತಲೆ ತಿರುಗಿಸಿದ ಕಡೆ ಬೆಳಕು ಬೀರುವ ಹೆಲ್ಮೆಟ್ ದೀಪ ಬೇರೆ ದಿನ ಎಷ್ಟೇ ಉಪಯೋಗಿಯಾದರೂ ಮಂಜಿನಲ್ಲಿ ಅದನ್ನು ಆರಿಸಬೇಕು, ಮುಂಚಕ್ರದ ಮೇಲ್ಗಡೆ ತಗ್ಗಿನಲ್ಲಿ ಕಟ್ಟಿದ ದೀಪವನ್ನು ಕಡಿಮೆ ಬೆಳಕಿಗೆ ಇಳಿಸಬೇಕು. ಹಳದಿ ದೀಪ ಮಂಜನ್ನು ಸೀಳುತ್ತದೆ ಎಂಬ ನಂಬಿಕೆಗೆ ಆಧಾರ ಸಾಲದು. ಮಂಜಿನ ಹನಿ ಬೆಳಕಿನ ಅಲೆಯ ಉದ್ದಕ್ಕಿಂತ ಹತ್ತಾರು ಪಟ್ಟು ದೊಡ್ಡದು, ಅಂಥ ಹನಿ ಹಳದಿ, ನೀಲಿ ಎಂಬ ಭೇದವಿಲ್ಲದೆ ಎಲ್ಲ ಬಣ್ಣವನ್ನೂ ಚದುರಿಸುತ್ತದೆ.

ಕೊಂಡ ದೀಪದೊಂದಿಗೆ ಬಾಳುವುದು ಕೊಳ್ಳುವುದಕ್ಕಿಂತ ಕಷ್ಟ. ಈಗಿನ ಹೆಚ್ಚಿನ ದೀಪಗಳು ಯುಎಸ್‌ಬಿ ಚಾರ್ಜಿನವು. ಆದರೆ ಗಾಳಿಮಳೆಗೆ ಮರ ಬಿದ್ದು ಕಂಬ ಮುರಿದರೆ ಕಳಸದ ಒಳಹಳ್ಳಿಗಳಿಗೆ ಕರೆಂಟು ಬರಲು ದಿನಗಟ್ಟಲೆ ಬೇಕು, ದೀಪ ಹೆಚ್ಚು ಬೇಕಾದದ್ದೂ ಅದೇ ದಿನಗಳಲ್ಲಿ. ಹಿಂದಿನ ದೀಪವಾದರೂ ಸಣ್ಣ ಪೆನ್ಸಿಲ್ ಸೆಲ್ಲಿನದಿರಲಿ ಎನ್ನುವುದು ಇದಕ್ಕೇ. ಸೆಲ್ಲು ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಹಾಗಾದರೆ ಹಳೆಯ ಡೈನಮೋನೇ ವಾಸಿಯಲ್ಲವೇ ಎಂದು ಹಿರಿಯರು ಕೇಳಬಹುದು. ಸೈಕಲ್‌ಗೆ ಪುರಸಭೆಯ ಬಿಲ್ಲೆ ಇದ್ದ, ದೀಪವಿಲ್ಲದೆ ಹೊರಟವರನ್ನು ಪೊಲೀಸರು ಹಿಡಿದು ನಿಲ್ಲಿಸುತ್ತಿದ್ದ ಕಾಲದ ಆ ಆರು ವೋಲ್ಟ್, ಮೂರು ವಾಟ್‌ನ ಯಂತ್ರಕ್ಕೆ ಚಾರ್ಜಿನ ಹಂಗಿರಲಿಲ್ಲ ನಿಜ. ಆದರೆ ಒದ್ದೆ ಟೈರಿನ ಮೇಲೆ ಅದರ ಗಾಲಿ ಜಾರುತ್ತಿತ್ತು, ಏರಿನಲ್ಲಿ ವೇಗ ಕುಗ್ಗಿದಂತೆ ದೀಪ ಮಂಕಾಗುತ್ತಿತ್ತು, ಕಾಲು ಊರಿ ನಿಂತರೆ ಆರಿಯೇ ಹೋಗುತ್ತಿತ್ತು. ಬೆನ್ನಿಗೆ ಬೆಳಕು ಬೇಕಾದ ಜಾಗದಲ್ಲೇ ಕೈಕೊಡುತ್ತಿತ್ತು ಎಂದಾಯಿತು. ಚಕ್ರದ ಗುಂಬದೊಳಗೆ (ಹಬ್) ಕೂರುವ ಹೊಸ ಡೈನಮೋಗಳು ಜಾರುವುದಿಲ್ಲ, ನಿಂತ ಮೇಲೂ ಕೆಲವು ನಿಮಿಷ ಉರಿಯುವ ಹಿಂದಿನ ದೀಪಗಳೂ ಅವಕ್ಕಿವೆ. ಆದರೆ ಬೆಲೆ ಒಂದು ಸಾಧಾರಣ ಸೈಕಲ್‌ನ ಬೆಲೆಯನ್ನೇ ಮುಟ್ಟೀತು.

ಮಳೆಗೆ ಡಬ್ಬಿಯ ಮೇಲಿನ ಐಪಿ ಸಂಖ್ಯೆ ನೋಡಬೇಕು. ಕೊನೆಯ ಅಂಕಿ 4 ಇದ್ದರೆ ಸಿಡಿದ ನೀರಿಗೆ ತಡೆ, 6 ಇದ್ದರೆ ರಭಸದ ನೀರಿಗೆ. ಮಲೆನಾಡಿನ ಜಡಿಮಳೆಗೆ ಆರೇ ಇರಲಿ. ಆ ಸಂಖ್ಯೆಯೂ ಚಾರ್ಜಿನ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿದ್ದರೆ ಮಾತ್ರ ನಿಜ. ಮುಚ್ಚಳದ ಅಂಚು ಉಗುರಿನಷ್ಟು ಎದ್ದಿದ್ದರೂ ನೀರು ಒಳಗಿಳಿದು ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟುತ್ತದೆ, ವಾರದೊಳಗೆ ದೀಪ ಚಾರ್ಜ್ ಹಿಡಿಯುವುದಿಲ್ಲ. ಒದ್ದೆ ದೀಪವನ್ನು ಒಣಬಟ್ಟೆಯಲ್ಲಿ ಒರೆಸಿ, ಒಂದು ಗಂಟೆ ಬಿಟ್ಟು ಚಾರ್ಜಿಗೆ ಹಾಕುವುದು ಲೇಸು. ಬಚ್ಚಲೊಲೆಯ ಮೇಲಿಟ್ಟು ಒಣಗಿಸುವುದು ಬೇಡ, ಲಿಥಿಯಂ ಬ್ಯಾಟರಿಗೆ ಕಾವು ಆಗದು. ಕೊನೆಗೆ ಕಟ್ಟುವ ಜಾಗ. ಎಲ್ಲರೂ ಹಿಂದಿನ ದೀಪವನ್ನು ಸೀಟಿನ ಕಂಬಕ್ಕೆ ಬಿಗಿಯುತ್ತಾರೆ. ಮಳೆ ಬಂದೊಡನೆ ರೇನ್‌ಕೋಟಿನ ಹಿಂಬದಿ ಅದರ ಮೇಲೆ ಇಳಿಬೀಳುತ್ತದೆ, ಕ್ಯಾರಿಯರ್ ಮೇಲೆ ಹಾಲಿನ ಕ್ಯಾನೋ ಶಾಲಾ ಚೀಲವೋ ಇದ್ದರೆ ಅದೂ ಮರೆಮಾಡುತ್ತದೆ. ಸವಾರ ದೀಪ ಉರಿಯುತ್ತಿದೆ ಎಂದುಕೊಂಡೇ ಏರು ತುಳಿಯುತ್ತಾನೆ, ಹಿಂದಿನವನಿಗೆ ಏನೂ ಕಾಣುವುದಿಲ್ಲ. ಕ್ಯಾರಿಯರ್‌ನ ಹಿಂತುದಿಗೆ ಒಂದು ತಗಡಿನ ಪಟ್ಟಿ ಬಗ್ಗಿಸಿ, ಎರಡು ನಟ್ಟು ಹಾಕಿ ಅಲ್ಲಿಗೆ ದೀಪ ಕೂರಿಸಿದರೆ ಈ ತೊಂದರೆ ಇಲ್ಲ. ಯಾವ ಸೈಕಲ್ ಶಾಪಿನವರೂ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.